ಗೆರೆ ಒರೆಸಬೇಡಿ

ಪೊಸಡಿಗುಂಪೆಯ ನೆತ್ತಿಗೆ ಜೀಪು ಹತ್ತುವುದಿಲ್ಲ.
ಕೊನೆಯ ಏರು ಮುಳಿಹುಲ್ಲಿನಲ್ಲಿ ನಡೆದೇ ಹೋಗಬೇಕು:
ಸಫೂರಾ ಮುಂದೆ, ಅವಳ ಉಪ್ಪನ ಹಳೇ ರೇಡಿಯೋ ಹೆಗಲಲ್ಲಿ,
ನಾನು ಹಿಂದೆ, ಮಂಡಿ ಹಿಡಿದುಕೊಂಡು.
"ಅಲ್ಲಿ, ಹಂಸದ ಎದೆಯ ಹತ್ತಿರ, ಒಂದು ಗುಂಪು ಉಂಟು.
ನಿಮಗೆ ಕಾಣುವುದಿಲ್ಲ. ನನಗೂ ಕಾಣುವುದಿಲ್ಲ"
ಎನ್ನುತ್ತಾಳೆ, ತೋರಿಸುತ್ತೇನೆಂದು ಕರೆತಂದವಳು.

ನಡುವೆ ಧೂಳಂತೆ,
ಕ್ರಷರಿನ ಪಕ್ಕದ ಮನೆಯ ಕಿಟಕಿಗೆ ಕೂತ ಹಾಗೆ.
ಬೆಳಕು ಅಲ್ಲೇ ಮುಗ್ಗರಿಸುತ್ತದೆ, ರೇಡಿಯೋ ಅಲೆ ಮುಗ್ಗರಿಸುವುದಿಲ್ಲ.
ತಿರುಪು ತಿರುಗಿಸಿದಳು. ಮಂಗಳೂರಿನಲ್ಲಿ ಹಾಗಲಕಾಯಿಯ ಅಡುಗೆ,
ಕಣ್ಣೂರಿನಲ್ಲಿ ವಾರ್ತೆ,
ಎರಡರ ಮಧ್ಯೆ ಯಾರದೂ ಅಲ್ಲದ ಒಂದು ಸ್ಸ್ಸ್.
"ಇದರಲ್ಲಿ ಒಂದು ಚಿಟಿಕೆ ಆಕಾಶದ್ದೂ ಇರಬಹುದು."
ಇರಬಹುದು ಎಂದಳು, ಉಂಟು ಎನ್ನಲಿಲ್ಲ.
ಅದಕ್ಕೇ ನಂಬಿದೆ.

ಗಾಮಾ ನನಗೆ ಗೊತ್ತು. ಇಪ್ಪತ್ತೆರಡು ವರ್ಷದ ಪರಿಚಯ.
ಸೀಸದ ಬಾಗಿಲಿನ ಆಚೆ ಅದು, ಈಚೆ ನಾನು.
ಬೆಳಿಗ್ಗೆ ಐದೂ ನಲವತ್ತರ ಬಸ್ಸು, ತಲಪಾಡಿಯಲ್ಲಿ ಇಳಿದು ಆ ಕಡೆಯ ಬಸ್ಸು,
ಆಸ್ಪತ್ರೆಯ ನೆಲಮಾಳಿಗೆ, ಕೋಬಾಲ್ಟಿನ ಕೋಣೆ.
ಮಲಗಿದವರ ಚರ್ಮಕ್ಕೆ ನೇರಳೆ ಶಾಯಿಯ ಗೆರೆ ಎಳೆದು
ಕನ್ನಡದಲ್ಲಿ, ಮಲೆಯಾಳದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಹೇಳುತ್ತೇನೆ,
ಮನೆಯವರಾದರೆ ಕೊಂಕಣಿಯಲ್ಲಿ:
ಗೆರೆ ಒರೆಸಬೇಡಿ.

ಸಫೂರಾಳ ಗುಂಪಿನಲ್ಲಿ ಇರುವುದೆಲ್ಲ ಎಳೆಯವು, ಭಾರದವು,
ನಲವತ್ತೈವತ್ತು ಲಕ್ಷ ವರ್ಷ, ಹಾಲುಹಲ್ಲು ಬೀಳುವ ಮೊದಲೇ ಸಾಯುವಂಥವು.
ಮೈಯನ್ನೇ ಗಾಳಿ ಮಾಡಿ ಊದುತ್ತವೆ.
ಇದರ ಗಾಳಿ ಅದಕ್ಕೆ ಡಿಕ್ಕಿ, ಅದರದು ಇನ್ನೊಂದಕ್ಕೆ,
ಎಲ್ಲ ಸೇರಿ ಒಂದು ಗುಳ್ಳೆ, ಗುಳ್ಳೆಗೊಂದು ಅಂಚು.
ಆ ಅಂಚನ್ನು ಒಂದು ಪ್ರೋಟಾನು ದಾಟುತ್ತದೆ.
ವಾಪಸು ಬರುತ್ತದೆ. ಮತ್ತೆ ದಾಟುತ್ತದೆ.
ದಾಟಿದಾಗಲೆಲ್ಲ ಸ್ವಲ್ಪ ಶಕ್ತಿ ಹೆಚ್ಚು.
ಯಾರು ಕೊಡುವುದು, ಕೇಳಿದೆ.
"ದಾಟುವುದೇ ಕೊಡುತ್ತದೆ, ಸೆವ್ರಿನ್ ಬಾಯಿ."
ದಿನಕ್ಕೆ ಎರಡು, ವರ್ಷಕ್ಕೆ ಆರುನೂರು, ಮನಸ್ಸಿನಲ್ಲೇ ಗುಣಿಸಿದೆ.
ನನ್ನ ಮಂಡಿಗೆ ಈ ಸುದ್ದಿ ಯಾರೂ ಮುಟ್ಟಿಸಿಲ್ಲ.

ಎಲೆಕ್ಟ್ರಾನು ಕಾಂತದ ಎಳೆಗೆ ಸುತ್ತಿ ಸುತ್ತಿ ರೇಡಿಯೋ ಗುನುಗುತ್ತದೆ.
ಪ್ರೋಟಾನು ಕಡೆಗೊಮ್ಮೆ ಯಾವುದೋ ಮೋಡಕ್ಕೆ ತಲೆ ಗುದ್ದುತ್ತದೆ,
ಆಗ ಗಾಮಾ.

ಸುರಂಗ ತೋಡುವ ಐತ್ತಪ್ಪ, ಗಂಟಲಲ್ಲಿ ಉಳಿದಷ್ಟು ಸ್ವರದಲ್ಲಿ, ಕೇಳಿದ್ದ:
"ಅಕ್ಕಾ, ಇದು ನನ್ನೊಳಗೆ ಎಷ್ಟು ಕೋಲು ತೋಡುತ್ತದೆ? ನೀರು ಸಿಕ್ಕೀತಾ?"
ಇಪ್ಪತ್ತೆಂಟು ಸಲ ಬರಬೇಕಿತ್ತು. ಹತ್ತೊಂಬತ್ತಾಗಿತ್ತು.
ಆಗ ಆ ರೋಗದ ವರ್ಷ, ರಸ್ತೆಗೆ ಮಣ್ಣು ಸುರಿದರು.
ಮಣ್ಣಿನ ಆಚೆ ಕೋಬಾಲ್ಟು, ಈಚೆ ನಾವಿಬ್ಬರೂ.
ಮೊಮ್ಮಗಳ ಸ್ಕೆಚ್‌ಪೆನ್ನಿನಲ್ಲಿ, ಕನ್ನಡಿ ಹಿಡಿದು,
ಕುತ್ತಿಗೆಯ ಗೆರೆಯ ಮೇಲೆ ದಿನಾ ಗೆರೆ ಎಳೆದುಕೊಂಡನಂತೆ.
ನೇರಳೆ ಮುಗಿದ ಮೇಲೆ ಹಸಿರು.
ದಾರಿ ತೆರೆದಾಗ ಬಂದ.
ಗೆರೆ ದಪ್ಪಗೆ, ನೀಟಾಗಿ, ಗದ್ದೆಯ ಬದುವಿನಂತೆ ಇತ್ತು,
ಒಂದು ಬೆರಳು ಕೆಳಗೆ ಸರಿದಿತ್ತು.
ಸ್ಪಿರಿಟಿನ ಹತ್ತಿಯಲ್ಲಿ ನಾನೇ ಒರೆಸಿದೆ.
ಅವನು ಸೂರು ನೋಡುತ್ತಿದ್ದ.

"ಗಾಮಾ ಈ ಗುಡ್ಡಕ್ಕೆ ಇಳಿಯುವುದಿಲ್ಲ" ಎನ್ನುತ್ತಿದ್ದಾಳೆ ಸಫೂರಾ.
ಐದು ಸಾವಿರ ವರ್ಷ ಒಂದು ಗೇಟೂ ಇಲ್ಲದೆ ಬಂದು
ಗಾಳಿ ಮುಟ್ಟಿದ್ದೇ ಚೂರುಚೂರು.
ಚೂರುಗಳನ್ನು ಎಣಿಸಿ ಹೇಳಬೇಕು ಬಂದದ್ದು ಯಾರೆಂದು.
ಕಡಲ ಕಡೆಯಿಂದ ಮಂಜು ಹತ್ತಿ ಹಂಸವೂ ಹೋಯಿತು.
ಅವಳಿಗೇನೂ ಬೇಸರ ಇದ್ದ ಹಾಗಿಲ್ಲ, ಚಕ್ಕುಲಿಯ ಕಟ್ಟು ಬಿಚ್ಚಿದಳು.
ನನ್ನ ಫೋನಿಗೆ ಕರ್ನಾಟಕ ಸ್ವಾಗತ ಹೇಳಿತು,
ಎರಡು ಹೆಜ್ಜೆ ಇಳಿದೆ, ಕೇರಳ.

ನಮ್ಮ ಕೋಣೆಯದಕ್ಕೂ ವಯಸ್ಸಾಗುತ್ತಿದೆ,
ಐದು ವರ್ಷ ಮೂರು ತಿಂಗಳಿಗೆ ಅರ್ಧ.
ನಾಳೆ ಒಂದನೇ ತಾರೀಕು.
ಒಬ್ಬೊಬ್ಬರಿಗೂ ಒಂದೊಂದು ಸೆಕೆಂಡು
ಹೆಚ್ಚು ಕೊಡಬೇಕು.